ಆಕಾಶ ಕುಣಿದರೆ ಕೆಲಸಕ್ಕೆ ರಜೆ

ಧ್ರುವಜ್ಯೋತಿ ಬಂತೆಂದು ಶಾಪ ಹಾಕುವವರೂ ಇದ್ದಾರೆ ಎಂದರೆ ನಂಬುವುದು ಕಷ್ಟ. ಇದ್ದಾರೆ. ಕೆನಡಾದ ಉತ್ತರದಲ್ಲಿ, ಯೆಲ್ಲೋನೈಫ್ ಊರನ್ನೂ ದಾಟಿ ಇನ್ನೂ ಮೇಲಕ್ಕೆ, ಮರಗಳೇ ಬೆಳೆಯದ ಬಯಲಲ್ಲಿ ಡೇರೆ ಹಾಕಿಕೊಂಡು ಖನಿಜ ಹುಡುಕುವ ಕ್ಯಾಂಪುಗಳಿವೆ. ನೆಲದ ಕಾಂತಕ್ಷೇತ್ರ ಅಳೆಯುವ ತಂಡವೊಂದು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾನೂ ಕೆಲವು ವರ್ಷ ಅಂಥ ತಂಡದಲ್ಲಿ ದುಡಿದವನು. ಪ್ರವಾಸಿಗರು ಲಕ್ಷಗಟ್ಟಲೆ ಖರ್ಚು ಮಾಡಿ ನೋಡಲು ಬರುವ ಅರೋರಾ ನಮ್ಮ ಪಾಲಿಗೆ ಮೊದಲು ಕೆಟ್ಟುಹೋದ ಲೆಕ್ಕ, ಆಮೇಲೆ ಚಂದದ ನೋಟ.

ಕೆಲಸ ಹೀಗೆ. 1991ರಲ್ಲಿ ಚಕ್ ಫಿಪ್ಕಿ ಮತ್ತು ಸ್ಟೂವರ್ಟ್ ಬ್ಲಸ್ಸನ್ ಎಂಬ ಭೂವಿಜ್ಞಾನಿಗಳು ಲಾಕ್ ಡಿ ಗ್ರಾ ಎಂಬ ಕೆರೆಯ ಸೀಮೆಯಲ್ಲಿ ವಜ್ರವಿದೆ ಎಂದು ತೋರಿಸಿಕೊಟ್ಟ ಮೇಲೆ ಕಂಪನಿಗಳು ಈ ಬಯಲಿಗೆ ಮುಗಿಬಿದ್ದವು. 1998ರಲ್ಲಿ ಎಕಾಟಿ ಗಣಿ ಶುರುವಾಯಿತು. ವಜ್ರ ಇರುವುದು ಕಿಂಬರ್‌ಲೈಟ್ ಎಂಬ ಶಿಲೆಯಲ್ಲಿ. ಭೂಮಿಯ ಆಳದಿಂದ ಕೊಳವೆಯ ಆಕಾರದಲ್ಲಿ ಮೇಲೆದ್ದು ಬಂದ ಈ ಶಿಲೆ ಇಲ್ಲಿ ತೀರ ಸಣ್ಣ ಸಣ್ಣ ಜಾಗಗಳಲ್ಲಿ, ಅದೂ ಬಹಳಷ್ಟು ಕಡೆ ಕೆರೆಗಳ ತಳದಲ್ಲಿ ಅಡಗಿದೆ. ಸುತ್ತಲಿನ ಬಂಡೆಗೂ ಅದಕ್ಕೂ ಕಾಂತಗುಣದಲ್ಲಿ ವ್ಯತ್ಯಾಸವಿರುವುದರಿಂದ ಅದನ್ನು ಹುಡುಕಲು ಒಂದು ದಾರಿಯಿದೆ. ಮಾರ್ಚ್–ಏಪ್ರಿಲ್‌ನಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ, ಆಗಸ್ಟ್–ಸೆಪ್ಟೆಂಬರ್‌ನಲ್ಲಿ ದಡದ ನೆಲದ ಮೇಲೆ, ಬೆನ್ನಿಗೆ ಮ್ಯಾಗ್ನೆಟೋಮೀಟರ್ ಕಟ್ಟಿಕೊಂಡು ನೇರ ಗೆರೆ ಹಿಡಿದು ನಡೆಯುವುದು. ಗೆರೆ ಮುಗಿದರೆ ತಿರುಗಿ ಪಕ್ಕದ ಗೆರೆ. ಬೆಳಗಿನಿಂದ ಸಂಜೆಯವರೆಗೆ ಇಷ್ಟೇ.

ಮೈಮೇಲೆ ಕಬ್ಬಿಣದ ಚೂರೂ ಇರಕೂಡದು. ಬೆಲ್ಟಿನ ಬಕಲ್, ಜೇಬಿನ ಚಾಕು, ಕೀ ಗೊಂಚಲು, ಉಕ್ಕಿನ ಮೂತಿಯ ಬೂಟು ಎಲ್ಲವನ್ನೂ ಕ್ಯಾಂಪಿನಲ್ಲೇ ಬಿಟ್ಟು ಹೊರಡಬೇಕು. ಕರಡಿ ಕಾಯಲು ಬರುವವನ ಹೆಗಲಲ್ಲಿ ಬಂದೂಕಿರುವುದರಿಂದ ಅವನೂ ದೂರದಲ್ಲೇ ನಡೆಯಬೇಕು. ಕರಡಿ ಬಂದೇಬಿಟ್ಟರೆ ಆ ದೂರ ಎಷ್ಟು ಎನ್ನುವುದು ನಮಗೂ ಕಂಪನಿಗೂ ಒಮ್ಮತವಿಲ್ಲದ ವಿಷಯವಾಗಿತ್ತು.

ಕ್ಯಾಂಪಿನ ಗದ್ದಲದಿಂದ ಆಚೆ ಇನ್ನೊಂದು ಮ್ಯಾಗ್ನೆಟೋಮೀಟರನ್ನು ಕದಲದಂತೆ ನೆಟ್ಟಿರುತ್ತಾರೆ. ಅದಕ್ಕೆ ಬೇಸ್ ಸ್ಟೇಷನ್ ಎನ್ನುತ್ತಾರೆ. ಕೆಲವು ಸೆಕೆಂಡಿಗೊಮ್ಮೆ ಅದು ತಾನಿರುವ ಜಾಗದ ಕಾಂತಕ್ಷೇತ್ರವನ್ನು ಬರೆದಿಟ್ಟುಕೊಳ್ಳುತ್ತದೆ. ನಿಂತಲ್ಲೇ ನಿಂತ ಯಂತ್ರದ ಲೆಕ್ಕ ಏರುಪೇರಾದರೆ ಅದು ನೆಲದ ಗುಣವಲ್ಲ, ಆಕಾಶದ ಕಿತಾಪತಿ. ನಾವು ನಡೆದು ತಂದ ಲೆಕ್ಕದಿಂದ ಆ ಏರುಪೇರನ್ನು ಕಳೆದರೆ ಉಳಿಯುವುದು ನೆಲದ ಗುಟ್ಟು. ಅಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 58,000 ನ್ಯಾನೋಟೆಸ್ಲಾ. ಕಿಂಬರ್‌ಲೈಟ್ ತೋರಿಸುವ ವ್ಯತ್ಯಾಸ ಎಷ್ಟೋ ಸಲ ನೂರನ್ನೂ ಮುಟ್ಟುವುದಿಲ್ಲ. ಕಾಂತ ಬಿರುಗಾಳಿ ಎದ್ದ ದಿನವಾದರೆ ಬೇಸ್ ಸ್ಟೇಷನ್ನಿನ ಗೆರೆ ಕೆಲವೇ ನಿಮಿಷಗಳಲ್ಲಿ ಅದರ ಹಲವು ಪಟ್ಟು ಮೇಲೆ ಹಾರಿ ಕೆಳಗೆ ಬೀಳುತ್ತದೆ. ಕಳೆದು ಸರಿಪಡಿಸುವ ಮಾತೇ ಇಲ್ಲ. ತಂಡದ ಮುಖ್ಯಸ್ಥೆ ರೇಡಿಯೋದಲ್ಲಿ ಎಲ್ಲರನ್ನೂ ವಾಪಸು ಕರೆಯುತ್ತಾರೆ. ಹೆಲಿಕಾಪ್ಟರಿನ ಬಾಡಿಗೆ ಓಡುತ್ತಲೇ ಇರುತ್ತದೆ, ಊಟದ ಡೇರೆಯಲ್ಲಿ ಇಸ್ಪೀಟು ಶುರುವಾಗುತ್ತದೆ. ಇಡೀ ಕ್ಯಾಂಪಿನಲ್ಲಿ ಅಡುಗೆಯವನಿಗೊಬ್ಬನಿಗೇ ಖುಷಿ. ಮೋಡವಿಲ್ಲದಿದ್ದರೆ ಇವತ್ತು ರಾತ್ರಿ ನಿದ್ದೆ ಮಾಡಬೇಡಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ. ಅವನ ಮಾತು ಸುಳ್ಳಾದದ್ದು ಕಡಿಮೆ.

ಆಕಾಶದ ಬೆಳಕಿಗೂ ಕಾಂತಸೂಜಿಗೂ ಇರುವ ಈ ನಂಟು ತೀರ ಹಳೆಯದು. 1741ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ಓಲೋಫ್ ಹಿಯೋರ್ಟರ್ ಮತ್ತು ಆಂಡರ್ಸ್ ಸೆಲ್ಸಿಯಸ್ ಸೂಕ್ಷ್ಮವಾದ ಕಾಂತಸೂಜಿಯೊಂದನ್ನು ಕಾಯುತ್ತ ಕುಳಿತಿದ್ದಾಗ, ಮೇಲೆ ಬೆಳಕು ಬಂದ ಹೊತ್ತಿಗೇ ಸೂಜಿ ಅಲುಗಾಡುವುದನ್ನು ಗಮನಿಸಿದರು. ನಾವು ಕೆಲಸ ಮಾಡುತ್ತಿದ್ದ ಸೀಮೆಯಲ್ಲೇ, 1820–21ರ ಚಳಿಗಾಲದಲ್ಲಿ, ಜಾನ್ ಫ್ರಾಂಕ್ಲಿನ್‌ನ ತಂಡ ಫೋರ್ಟ್ ಎಂಟರ್‌ಪ್ರೈಸ್ ಎಂಬಲ್ಲಿ ಮರದ ಮನೆ ಕಟ್ಟಿಕೊಂಡು ಕಾಲ ಕಳೆಯಿತು. ಆ ತಂಡದ ತರುಣ ನೌಕಾ ಅಧಿಕಾರಿ ರಾಬರ್ಟ್ ಹುಡ್ ಕೊರೆಯುವ ಚಳಿಯಲ್ಲಿ ಹೊರಗೆ ನಿಂತು ಅರೋರಾದ ಆಕಾರ, ದಿಕ್ಕು, ಸೂಜಿಯ ಅಲುಗಾಟ ಎಲ್ಲವನ್ನೂ ದಾಖಲಿಸಿದ. ಮರುವರ್ಷ ಹಿಂದಿರುಗುವ ದಾರಿಯಲ್ಲಿ ತಂಡ ಹಸಿವಿಗೆ ಸಿಕ್ಕಿ ನುಚ್ಚುನೂರಾದಾಗ ಹುಡ್ ಗುಂಡೇಟಿಗೆ ಬಲಿಯಾದ. ಅವನ ಟಿಪ್ಪಣಿಗಳು ಉಳಿದು ಬಂದು ಫ್ರಾಂಕ್ಲಿನ್‌ನ ಪ್ರವಾಸ ಗ್ರಂಥದೊಂದಿಗೆ ಅಚ್ಚಾದವು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. 1859ರ ಸೆಪ್ಟೆಂಬರ್ 2ರಂದು ಭೂಮಿಗೆ ಬಡಿದ, ಕ್ಯಾರಿಂಗ್ಟನ್ ಹೆಸರಿನ ಮಹಾ ಬಿರುಗಾಳಿಯ ಕಾಲಕ್ಕೆ ಬೊಂಬಾಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಪಾಳಿಯ ಮೇಲಿದ್ದವರು ಅಳತೆ ತೆಗೆದುಕೊಳ್ಳುವುದನ್ನು ನಿಲ್ಲಿಸಲಿಲ್ಲ. ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿದದ್ದನ್ನು ಕೈಯಲ್ಲೇ ಬರೆದಿಟ್ಟರು. ಆ ಬಿರುಗಾಳಿ ಎಷ್ಟು ದೊಡ್ಡದಿತ್ತು ಎಂದು ಇಂದಿನ ವಿಜ್ಞಾನಿಗಳು ಅಂದಾಜು ಮಾಡಲು ಮುಖ್ಯ ಆಧಾರ ಆ ಪುಸ್ತಕದ ಅಂಕಿಗಳೇ. ಹೆಸರೂ ಗೊತ್ತಿಲ್ಲದ ಆ ಗುಮಾಸ್ತರ ಮೇಲೆ ನನಗೆ ವಿಶೇಷ ಗೌರವ. ಯಂತ್ರ ಹುಚ್ಚಾಟ ಆಡಿದಾಗ ಅದು ಕೆಟ್ಟಿದೆ ಎಂದು ಕೈತೊಳೆದುಕೊಳ್ಳುವುದು ಸುಲಭವಿತ್ತು.

ಸೂಜಿ ಯಾಕೆ ಅಲುಗುತ್ತದೆ ಎಂದರೆ, ನಾವು ನೋಡುವ ಬೆಳಕಿನ ಪಟ್ಟಿಯ ಜೊತೆಗೇ ನೆಲದಿಂದ ನೂರು ಕಿಲೋಮೀಟರ್ ಚಿಲ್ಲರೆ ಎತ್ತರದಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಬಿರುಗಾಳಿಯ ಹೊತ್ತಿನಲ್ಲಿ ಆ ಪ್ರವಾಹ ಹತ್ತು ಲಕ್ಷ ಆಂಪಿಯರ್ ಮುಟ್ಟುವುದೂ ಉಂಟು. ವಿದ್ಯುತ್ ಹರಿದ ಕಡೆ ಕಾಂತಕ್ಷೇತ್ರ ಹುಟ್ಟಲೇಬೇಕು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು 60 ಲಕ್ಷ ಜನ ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತದ್ದೂ ಇದೇ ಕಾರಣಕ್ಕೆ. ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಆಕಾಶದಲ್ಲಿ ಹೀಗೆ ವಿದ್ಯುತ್ ಹರಿಯುತ್ತದೆ ಎಂದು ಇಪ್ಪತ್ತನೇ ಶತಮಾನದ ಆರಂಭದಲ್ಲೇ ವಾದಿಸಿದ್ದರು. ನಿರ್ವಾತದ ಗಾಜಿನ ಪೆಟ್ಟಿಗೆಯಲ್ಲಿ ಕಾಂತದ ಗೋಲವಿಟ್ಟು ಪುಟ್ಟ ಅರೋರಾವನ್ನೂ ಹುಟ್ಟಿಸಿ ತೋರಿಸಿದರು. ಉಪಗ್ರಹಗಳು ಮೇಲೇರಿ ಅಳೆಯುವವರೆಗೆ ದೊಡ್ಡ ದೊಡ್ಡವರೇ ಅವರ ಮಾತನ್ನು ಒಪ್ಪಿರಲಿಲ್ಲ.

ಸೂರ್ಯನ ಕಣಗಳು ಧ್ರುವಗಳ ಬಾಗಿಲಿನಿಂದ ನೇರ ಒಳನುಗ್ಗಿ ಗಾಳಿಗೆ ಬಡಿಯುತ್ತವೆ, ಅದೇ ಅರೋರಾ ಎಂದು ಅನೇಕ ಕಡೆ ಬರೆದಿರುವುದನ್ನು ಓದಿದ್ದೇನೆ. ವಿಷಯ ಅಷ್ಟು ಸರಳವಿಲ್ಲ. ಸೂರ್ಯನಿಂದ ಹೊರಟ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ಒತ್ತಿ, ಎಳೆದು, ರಾತ್ರಿಯ ಬದಿಗೆ ಉದ್ದನೆಯ ಬಾಲವನ್ನು ಮಾಡಿಬಿಡುತ್ತದೆ. ಆ ಬಾಲದಲ್ಲಿ ಶಕ್ತಿ ಕೂಡಿಕೊಳ್ಳುತ್ತ ಹೋಗಿ, ತಡೆಯಲಾರದಷ್ಟಾದಾಗ ಕಾಂತರೇಖೆಗಳು ಕಡಿದು ಹೊಸದಾಗಿ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿ ಎಲೆಕ್ಟ್ರಾನುಗಳನ್ನು ಭೂಮಿಯ ಕಡೆಗೆ ಅಟ್ಟುತ್ತದೆ. ಅಂದರೆ ಬೆಳಕು ಬರುವುದು ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿನಿಂದ, ನಮ್ಮದೇ ಕಾಂತದ ಬಾಲದಿಂದ. ಈ ಎಲೆಕ್ಟ್ರಾನುಗಳು ಬೀಳುವ ಜಾಗ ಕಾಂತಧ್ರುವದ ಸುತ್ತ ಒಂದು ಉಂಗುರ. ಕಾಂತಧ್ರುವ ಕೆನಡಾದ ಕಡೆಗೆ ವಾಲಿರುವುದರಿಂದ ಉತ್ತರ ಅಮೆರಿಕದಲ್ಲಿ ಉಂಗುರ ಕೆಳಗಿಳಿದಿದೆ. ಹಾಗಾಗಿ 62 ಡಿಗ್ರಿ ಅಕ್ಷಾಂಶದ ಯೆಲ್ಲೋನೈಫ್‌ಗೆ ಸಿಗುವ ಭಾಗ್ಯ ನಾರ್ವೆಯವರಿಗೆ ಬೇಕೆಂದರೆ 69ರ ಆಚೆಯ ಟ್ರೋಮ್ಸೋಗೆ ಹೋಗಬೇಕು.

ಈ ಕಡಿತ–ಕೂಡಿಕೆಯಿಂದ ಆಕಾಶದಲ್ಲಿ ನಡೆಯುವ ಆಟಕ್ಕೆ ಒಂದು ಕ್ರಮವಿದೆ ಎಂದು 1964ರಲ್ಲಿ ಗುರುತಿಸಿದವರು ಅಲಾಸ್ಕಾದಲ್ಲಿದ್ದ ಜಪಾನಿ ವಿಜ್ಞಾನಿ ಸ್ಯುನ್-ಇಚಿ ಅಕಾಸೊಫು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಅನೇಕ ಕಡೆ ಇಡೀ ಆಕಾಶದ ಚಿತ್ರ ತೆಗೆದಿದ್ದ ಕ್ಯಾಮೆರಾಗಳ ಫಿಲ್ಮುಗಳನ್ನು ಜೋಡಿಸಿ ನೋಡಿ ಅವರು ಇದನ್ನು ಕಂಡುಕೊಂಡರು. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಕಂಡವರಿಗೆ ಈ ಕ್ರಮ ಬೇಗ ತಿಳಿಯುತ್ತದೆ. ಸಂಜೆಗೆ ಉತ್ತರದ ಅಂಚಿನಲ್ಲಿ ಮಂಕಾದ ಒಂದು ಕಮಾನು ಮೂಡಿ ಗಂಟೆಗಟ್ಟಲೆ ಸುಮ್ಮನೆ ನಿಂತಿರುತ್ತದೆ, ಮೆಲ್ಲನೆ ದಕ್ಷಿಣಕ್ಕೆ ಸರಿಯುತ್ತದೆ. ಇದು ಪೂರ್ವರಂಗ. ಪ್ರವಾಸಿಗರು ಅರ್ಧ ಜನ ಆಕಳಿಸುವುದು ಆಗಲೇ. ಮಧ್ಯರಾತ್ರಿಯ ಆಚೀಚೆ ಎಲ್ಲೋ ಕಮಾನಿನ ಒಂದು ತುದಿ ಉರಿದೆದ್ದು, ಬೆಳಕು ಅಡ್ಡಡ್ಡ ಓಡಿ, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು ನೆತ್ತಿಯ ಮೇಲೇರುತ್ತದೆ. ಅಬ್ಬರದ ಈ ಪ್ರಸಂಗ ಮುಗಿಯಲು ಹತ್ತು ಹದಿನೈದು ನಿಮಿಷ ಸಾಕು. ಚಿತ್ರಗಳಲ್ಲಿ ಬರುವುದೆಲ್ಲ ಇದೇ. ಆಮೇಲೆ ಬಸ್ಸುಗಳು ಹೊರಡುತ್ತವೆ. ಬೆಳಗಿನ ಜಾವಕ್ಕೆ ಆಕಾಶದ ತುಂಬ ಬೆಳಕಿನ ತೇಪೆಗಳು ಉಳಿದು, ಕೆಲವು ಸೆಕೆಂಡಿಗೊಮ್ಮೆ ಹೊತ್ತಿ ಆರುತ್ತಿರುತ್ತವೆ. ಒಂದರ ಲಯಕ್ಕೂ ಇನ್ನೊಂದರ ಲಯಕ್ಕೂ ಸಂಬಂಧವಿಲ್ಲ. ನನಗೆ ಅತಿ ಇಷ್ಟವಾದದ್ದು ಈ ಕೊನೆಯ ಭಾಗ, ಮತ್ತು ಅದನ್ನು ಕಂಡ ಪ್ರವಾಸಿಗರು ತೀರ ಕಡಿಮೆ.

ಕಂಡವರು ಡ್ರಿಲ್ಲಿಂಗ್ ರಿಗ್ಗಿನ ರಾತ್ರಿ ಪಾಳಿಯವರು. ರಿಗ್ ದಿನದ ಇಪ್ಪತ್ನಾಲ್ಕು ಗಂಟೆಯೂ ಕೊರೆಯುತ್ತದೆ, ಹನ್ನೆರಡು ಹನ್ನೆರಡು ಗಂಟೆಯ ಎರಡು ಪಾಳಿ. ಕೊರೆಯಲು ನೀರು ಬೇಕು, ನೀರಿಗೆ ಕೆರೆಯ ದಡದಲ್ಲಿ ಪಂಪು. ಸೆಪ್ಟೆಂಬರಿನ ರಾತ್ರಿ ಪೈಪು ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಸಹಾಯಕನ ಕೆಲಸ. ಅವನು ರಿಗ್ಗಿನ ಪ್ರಖರ ದೀಪಗಳಿಂದ ಹೊರಬಿದ್ದು, ಹೆಡ್‌ಲ್ಯಾಂಪ್ ಹಚ್ಚಿಕೊಂಡು ಕೆರೆಗಿಳಿದು, ಪಂಪಿಗೆ ಡೀಸೆಲ್ ತುಂಬಿಸಿ, ದೀಪ ಆರಿಸಿ ಒಂದು ಸಿಗರೇಟು ಸೇದುತ್ತಾನೆ. ಯಾರೂ ಅವನಿಗೆ ನೋಡು ಎಂದು ಹೇಳುವುದಿಲ್ಲ, ಯಾವ ಆ್ಯಪ್ ಕೂಡ ಅವನನ್ನು ಎಬ್ಬಿಸುವುದಿಲ್ಲ. ಬೆಳಿಗ್ಗೆ ತಿಂಡಿಗೆ ಬಂದಾಗ ರಾತ್ರಿ ಹೇಗಿತ್ತು ಎಂದು ಕೇಳಿದರೆ, ಮೂರು ಗಂಟೆಯ ಮೇಲೆ ಚೆನ್ನಾಗಿತ್ತು ಎಂದು ಮೊಟ್ಟೆ ತಿನ್ನುತ್ತ ಹೇಳುತ್ತಾನೆ. ಅರೋರಾ ಸಿಗುವುದು ಅದನ್ನು ಬೆನ್ನಟ್ಟಿದವರಿಗಿಂತ ಬೇರೆ ಕಾರಣಕ್ಕೆ ರಾತ್ರಿ ಹೊರಗಿದ್ದವರಿಗೆ ಎಂಬುದು ನನ್ನ ಅನುಭವ. ಅಷ್ಟು ಹೊತ್ತು, ಅಷ್ಟು ರಾತ್ರಿ ಹೊರಗಿರುವ ತಾಳ್ಮೆ ಸಂಬಳವಿಲ್ಲದೆ ಯಾರಿಗೂ ಬರುವುದಿಲ್ಲ.

ಬಣ್ಣದ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಂದ ಅರೋರಾ ಕಣ್ಣಿಗೆ ಹಸಿರಾಗಿ ಕಾಣುವುದಿಲ್ಲ. ಬೂದುಬಿಳಿಯ ತೆಳು ಮೋಡದಂತೆ ಇರುತ್ತದೆ. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಬಣ್ಣ ತಿಳಿಯದು, ಬಣ್ಣ ತಿಳಿದ ಕೋಶಗಳಿಗೆ ಅಷ್ಟು ಬೆಳಕು ಸಾಲದು. ಫೋನು ಮಾತ್ರ ಕೆಲವು ಸೆಕೆಂಡು ಕಣ್ಣು ತೆರೆದುಕೊಂಡೇ ಇದ್ದು ಬೆಳಕನ್ನೆಲ್ಲ ಒಟ್ಟುಗೂಡಿಸಿ ಕಡುಹಸಿರು ತೋರಿಸುತ್ತದೆ. ಚಿತ್ರ ಸುಳ್ಳಲ್ಲ, ಆದರೆ ಅದು ಕಣ್ಣು ಕಂಡ ಆಕಾಶವೂ ಅಲ್ಲ. ಬೆಳಕು ಜೋರಾದಾಗ ಹಸಿರು ಕಣ್ಣಿಗೂ ಸಿಗುತ್ತದೆ, ತೀರ ಜೋರಾದಾಗ ಕೆಳಗಿನ ಅಂಚಿನಲ್ಲಿ ಗುಲಾಬಿ ಗೆರೆ ಮಿಂಚಿ ಹೋಗುತ್ತದೆ. ಆ ಗುಲಾಬಿ ಸಾರಜನಕದ್ದು.

ಹಸಿರು, ಕೆಂಪು ಎರಡೂ ಆಮ್ಲಜನಕದವೇ. ಪೆಟ್ಟು ತಿಂದ ಆಮ್ಲಜನಕದ ಪರಮಾಣು ಹಸಿರು ಬೆಳಕನ್ನು ಹೊರಬಿಡಲು ಸುಮಾರು ಮುಕ್ಕಾಲು ಸೆಕೆಂಡು ಬೇಕು, ಕೆಂಪನ್ನು ಬಿಡಲು ಹತ್ತಿರ ಹತ್ತಿರ ಎರಡು ನಿಮಿಷ. ಅಷ್ಟರೊಳಗೆ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದರೆ ಶಕ್ತಿ ಅದರ ಪಾಲಾಗಿ ಬೆಳಕೇ ಹುಟ್ಟುವುದಿಲ್ಲ. ಕೆಳಗೆ ಗಾಳಿಯ ಜನಜಂಗುಳಿಯಲ್ಲಿ ಎರಡು ನಿಮಿಷದ ಏಕಾಂತ ಎಲ್ಲಿಂದ ಬರಬೇಕು? ಆದ್ದರಿಂದ ಹಸಿರು 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ, ಕೆಂಪು 200 ಕಿಲೋಮೀಟರಿನ ಆಚೆ. ಎತ್ತರದಲ್ಲಿರುವ ಕೆಂಪು ಬಹಳ ದೂರದಿಂದಲೂ ಕಾಣುತ್ತದೆ, ಕೆಳಗಿನ ಹಸಿರು ದಿಗಂತದ ಹಿಂದೆ ಮುಚ್ಚಿಹೋಗಿರುತ್ತದೆ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಸಿಕ್ಕಿದ್ದೂ ಬರೀ ಕೆಂಪೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಉತ್ತರದ ಅಂಚಿನ ಕೆಂಪು ಪ್ರಭೆಯನ್ನು ಹಿಡಿದವು. ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ರಾತ್ರಿಯೆಲ್ಲ ಎಚ್ಚರವಿದ್ದು ನಡೆಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ. ಆದಿತ್ಯ ಎಲ್-1 ನೌಕೆಯಲ್ಲಿ ಸೂರ್ಯನ ಹೊರಕವಚವನ್ನು ನೋಡುವ ಉಪಕರಣ ತಯಾರಾದದ್ದೂ ಅದೇ ಆವರಣದಲ್ಲಿ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತ ಅಂಥ ನೌಕೆಗಳ ಮೇಲೆ ಸೌರಗಾಳಿ ಹಾದುಹೋದ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದು ನಮ್ಮನ್ನು ತಲುಪುತ್ತದೆ. ಫೋನಿನ ಆ್ಯಪ್‌ಗಳು ಕೊಡುವ ನಂಬಲರ್ಹ ಮುನ್ಸೂಚನೆ ಇಷ್ಟೇ ಹೊತ್ತಿನದು. ಮೂರು ದಿನ ಮೊದಲೇ ಹೇಳುವುದೆಲ್ಲ ಅಂದಾಜು.

ಬೆಂಗಳೂರಿನ ಗೆಳೆಯನೊಬ್ಬ ಹೋದ ತಿಂಗಳು ಫೋನು ಮಾಡಿ, 'ಡಿಸೆಂಬರ್ ರಜೆಗೆ ಬರ್ತೀವಿ ಕಣೋ, ಮಕ್ಕಳಿಗೂ ತೋರಿಸಿದ ಹಾಗಾಗತ್ತೆ' ಎಂದ. ಸೆಪ್ಟೆಂಬರಿಗೆ ಬಾರಯ್ಯ ಎಂದೆ. ಚಳಿಗಾಲವೇ ಅರೋರಾದ ಕಾಲ ಎಂಬ ನಂಬಿಕೆ ಹೇಗೆ ಬಂತೋ. ಅರೋರಾಕ್ಕೆ ಚಳಿ ಬೇಡ, ಕತ್ತಲೆ ಬೇಕು. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಯೆಲ್ಲೋನೈಫ್‌ನಲ್ಲಿ ನಿಜವಾದ ಕತ್ತಲೆ ಆಗುವುದೇ ಇಲ್ಲ. ಆಗಸ್ಟ್ ನಡುವಿಗೆ ರಾತ್ರಿ ಮರಳುತ್ತದೆ. ವಿಷುವದ ಆಸುಪಾಸಿನಲ್ಲಿ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಸೌರಗಾಳಿಯ ಕಾಂತಕ್ಷೇತ್ರ ಭೂಮಿಯದರೊಡನೆ ಸುಲಭವಾಗಿ ಬೆಸೆದುಕೊಳ್ಳುವ ಕೋನದಲ್ಲಿರುತ್ತದೆ. 1973ರಲ್ಲಿ ರಸೆಲ್ ಮತ್ತು ಮ್ಯಾಕ್‌ಫೆರಾನ್ ಕೊಟ್ಟ ವಿವರಣೆ ಇದು. ಸೆಪ್ಟೆಂಬರಿನಲ್ಲಿ ಕೆರೆಗಳು ಇನ್ನೂ ನೀರಾಗಿದ್ದು ಬೆಳಕು ಕೆಳಗೂ ಕಾಣುತ್ತದೆ. ಮೊದಲ ಮಂಜು ಬಿದ್ದ ಮೇಲೆ ಸೊಳ್ಳೆಗಳ ಕಾಟ ಮುಗಿಯುತ್ತದೆ, ಇದನ್ನು ಕೊನೆಯಲ್ಲಿ ಹೇಳಿದರೂ ನನ್ನ ಪಾಲಿಗೆ ಮೊದಲ ಕಾರಣ. ಅಕ್ಟೋಬರ್–ನವೆಂಬರ್ ಬೇಡ. ಹೆಪ್ಪುಗಟ್ಟುವ ಮೊದಲು ಕೆರೆಗಳು ಬಿಡುವ ಆವಿ ಮೋಡವಾಗಿ ಕವಿದಿರುತ್ತದೆ. ಆಮೇಲಿನ ಚಳಿಗಾಲದಲ್ಲಿ ಆಕಾಶ ನಿರ್ಮಲ, ರಾತ್ರಿ ಉದ್ದ, ಒಪ್ಪುತ್ತೇನೆ. ಆದರೆ ಜನವರಿಯ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ 25 ಡಿಗ್ರಿ ಕೆಳಗೆ. ಮಕ್ಕಳನ್ನು ಹೊರಗೆ ನಿಲ್ಲಿಸಿಕೊಂಡು ಪೂರ್ವರಂಗ ನೋಡಲಾಗುವುದಿಲ್ಲ.

ಸೆಪ್ಟೆಂಬರಿನಲ್ಲಾದರೆ ಡೇರೆ ಹಾಕಬಹುದು. ಊರಿನಿಂದ ಪೂರ್ವಕ್ಕೆ ಹೊರಟ ಇಂಗ್ರಾಹಂ ಟ್ರೇಲ್ ರಸ್ತೆಯ ಮೇಲೆ ಪ್ರೆಲ್ಯೂಡ್ ಲೇಕ್, ರೀಡ್ ಲೇಕ್ ಎಂಬ ಸರ್ಕಾರಿ ಕ್ಯಾಂಪ್‌ಗ್ರೌಂಡುಗಳಿವೆ. ಊರಿನ ದೀಪಗಳ ಹಂಗಿಲ್ಲ. ರಾತ್ರಿ ಉಷ್ಣಾಂಶ ಸೊನ್ನೆಯ ಹತ್ತಿರ ಬರುತ್ತದೆ, ಸ್ಲೀಪಿಂಗ್ ಬ್ಯಾಗಿನಲ್ಲಿ ಜಿಪುಣತನ ಬೇಡ. ತಿನ್ನುವ ವಸ್ತು, ಟೂತ್‌ಪೇಸ್ಟು ಕೂಡ, ಡೇರೆಯೊಳಗೆ ಇಡಬಾರದು, ಕಾರಿನಲ್ಲಿ ಭದ್ರವಾಗಿಡಬೇಕು. ಕರಡಿಗಳು ಚಳಿಗಾಲದ ನಿದ್ದೆಗೆ ಮೈ ತುಂಬಿಸಿಕೊಳ್ಳುವ ಕಾಲ ಅದು. ಟಾರ್ಚಿಗೆ ಕೆಂಪು ಬೆಳಕಿದ್ದರೆ ಒಳ್ಳೆಯದು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಬೇಕಾದ ಅರ್ಧ ಗಂಟೆ ಬಿಳಿ ದೀಪದ ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಕೈಗವಸು ಎರಡು ಪದರ ಇರಲಿ. ಬಿರ್ಕೆಲಾಂಡರ ಜೊತೆ ಅರೋರಾ ನೋಡಲು ಚಳಿಗಾಲದ ಬೆಟ್ಟ ಹತ್ತಿದ್ದ ಬಿಯರ್ನ್ ಹೆಲಾಂಡ್-ಹಾನ್ಸೆನ್ ಎಂಬ ವೈದ್ಯ ವಿದ್ಯಾರ್ಥಿ ಹಿಮಗಡಿತಕ್ಕೆ ಬೆರಳುಗಳನ್ನು ಕಳೆದುಕೊಂಡ, ವೈದ್ಯಕೀಯ ಬಿಟ್ಟು ಕೊನೆಗೆ ಹೆಸರಾಂತ ಸಾಗರ ವಿಜ್ಞಾನಿಯಾದ. ಎಲ್ಲರಿಗೂ ಅಂಥ ಎರಡನೇ ಅವಕಾಶ ಸಿಗುವುದಿಲ್ಲ.

ಶಿಳ್ಳೆ ಹಾಕಬಾರದು. ಹಾಕಿದರೆ ಬೆಳಕು ಕೆಳಗಿಳಿದು ಬರುತ್ತದೆ ಎಂಬ ನಂಬಿಕೆ ಉತ್ತರದ ಅನೇಕ ಜನಾಂಗಗಳಲ್ಲಿದೆ. ನಮ್ಮ ಕ್ಯಾಂಪಿನಲ್ಲಿದ್ದ ಡೆನೆ ಜನಾಂಗದ ಹಿರಿಯರೊಬ್ಬರು ನಗುತ್ತಲೇ ಹೇಳಿದರೂ ಹೇಳಿದ್ದು ತಮಾಷೆಗಲ್ಲ ಎನ್ನುವುದು ತಿಳಿಯುತ್ತಿತ್ತು. 1770ರ ದಶಕದಲ್ಲಿ ಡೆನೆ ನಾಯಕ ಮಟೊನಬ್ಬಿಯ ಬೆನ್ನಿಗೆ ಈ ಬಯಲನ್ನು ಕಾಲ್ನಡಿಗೆಯಲ್ಲಿ ದಾಟಿದ ಸ್ಯಾಮ್ಯುಯಲ್ ಹರ್ನ್, ಅರೋರಾ ಸರಸರ ಸದ್ದು ಮಾಡುವುದನ್ನು ಕೇಳಿದ್ದೇನೆ ಎಂದು ಬರೆದಿದ್ದಾನೆ. ಬಹುಕಾಲ ಇದನ್ನು ವಿಜ್ಞಾನಿಗಳು ಭ್ರಮೆ ಎಂದು ತಳ್ಳಿಹಾಕಿದರು, ನೂರು ಕಿಲೋಮೀಟರ್ ಮೇಲಿನ ಸದ್ದು ಕೇಳುವುದು ಸಾಧ್ಯವಿಲ್ಲವಲ್ಲ. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಉಂಟೊ ಲೈನೆ ಅಂಥ ರಾತ್ರಿಗಳಲ್ಲಿ ಮೈಕ್ ಇಟ್ಟು ಚಟಚಟ ಸದ್ದುಗಳನ್ನು ಹಿಡಿದಿದ್ದಾರೆ. ಅವು ಬಂದದ್ದು ಮೇಲಿನಿಂದಲ್ಲ, ನೆಲದಿಂದ 70 ಮೀಟರಿನಷ್ಟು ಎತ್ತರದಲ್ಲಿ ಚಳಿರಾತ್ರಿಗಳಲ್ಲಿ ಕಟ್ಟಿಕೊಳ್ಳುವ ಬೆಚ್ಚನೆಯ ಗಾಳಿಯ ಪದರದಲ್ಲಿನ ಕಿರುವಿದ್ಯುತ್ತಿನಿಂದ ಎಂದು ಅವರ ವಾದ. ನನಗಂತೂ ರಿಗ್ಗಿನ ಗುಡುಗುಡು ಬಿಟ್ಟರೆ ಏನೂ ಕೇಳಿಸಲಿಲ್ಲ.

ಗೆಳೆಯ ಸೆಪ್ಟೆಂಬರಿಗೆ ಒಪ್ಪಿದ್ದಾನೆ. ಹುಣ್ಣಿಮೆ ತಪ್ಪಿಸಿ, ಅಮಾವಾಸ್ಯೆಯ ಆಚೀಚೆ ಬಾ ಎಂದು ನಾನು ಹೇಳಿದ್ದೇ ಈಗ ಅವನ ಮನೆಯಲ್ಲಿ ತಕರಾರಾಗಿದೆ. ಆ ಅಮಾವಾಸ್ಯೆ ಕಳೆದ ನಾಲ್ಕನೇ ದಿನಕ್ಕೆ ಗಣೇಶನ ಹಬ್ಬ, ಮಗ ಸೊಸೆ ಮೊಮ್ಮಕ್ಕಳಿಲ್ಲದೆ ಹಬ್ಬ ಎಂಥದು ಎಂದು ಅವರ ಅಮ್ಮ ಕೇಳುತ್ತಿದ್ದಾರಂತೆ. ಹಬ್ಬ ಮುಗಿಸಿಕೊಂಡು ಬರೋಣವೆಂದರೆ ಕ್ಯಾಂಪ್‌ಗ್ರೌಂಡುಗಳು ಸೆಪ್ಟೆಂಬರ್ ನಡುವಿಗೆ ಬಾಗಿಲು ಹಾಕುತ್ತವೆ. ಚೌತಿಯ ಚಂದ್ರ ಆ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಮುಳುಗುತ್ತಾನೆ, ಅವನನ್ನು ಕಂಡು ಅಪವಾದ ಹೊರುವ ಭಯವಿಲ್ಲದೆ ರಾತ್ರಿಯಿಡೀ ಆಕಾಶ ನೋಡಬಹುದು ಎಂದು ಅಮ್ಮನಿಗೆ ತಿಳಿಸಿ ಹೇಳು ಎಂದಿದ್ದೇನೆ. ಅವರನ್ನೂ ಕರೆದುಕೊಂಡು ಬರುವುದಾದರೆ ಡೇರೆಯ ಬದಲು ಕ್ಯಾಬಿನ್ ನೋಡಬೇಕು.